ನಾರ್ಮಲ್ ಎಂದು ಬರೆದ ಹನ್ನೆರಡು

ಮಾರ್ಚ್ ೧೧, ಮಂಗಳವಾರ. ಊಟವಾಗಿದೆ, ನಿದ್ದೆ ಹತ್ತುತ್ತಿಲ್ಲ.

ಬೆಳಗ್ಗೆ ಲ್ಯಾಬಿನಲ್ಲಿ ಆರನೇ ಹಾಸಿಗೆಯ ಅಜ್ಜಿಯ ಆನಯಾನ್ ಗ್ಯಾಪ್, ಅಂದರೆ ರಕ್ತದಲ್ಲಿ ಆಮ್ಲ ಹೆಚ್ಚಿದೆಯೇ ಎಂದು ಸೂಚಿಸುವ ಅಂಕಿ, ಹನ್ನೆರಡು ಬಂತು. 'ನಾರ್ಮಲ್' ಎಂದು ಬರೆದು ಸಹಿ ಹಾಕಿದೆ. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿದರೆ ಆ ಅಂಕಿಯೂ ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುತ್ತದೆ. ನಾಲ್ಕರ ಆಸುಪಾಸು ಇರಬೇಕಾದ ಅಲ್ಬುಮಿನ್ ಅಜ್ಜಿಗೆ ಬರೀ ಎರಡು ಎಂಬ ಚೀಟಿ ಪಕ್ಕದಲ್ಲೇ ಇತ್ತು, ನೋಡಲಿಲ್ಲ. ಸರಿಪಡಿಸಿದರೆ ಹದಿನೇಳು, ಅಂದರೆ ರಕ್ತದಲ್ಲಿ ಆಮ್ಲ ಸೇರುತ್ತಿದೆ. ಮಧ್ಯಾಹ್ನ ಚೀಟಿ ಕಣ್ಣಿಗೆ ಬಿದ್ದೊಡನೆ ವಾರ್ಡಿಗೆ ಓಡಿ, ಅಂಕಿ ಹದಿನೇಳು ಎಂದಷ್ಟೇ ಹೇಳಿದೆ. ಚಿಕಿತ್ಸೆ ಶುರುವಾಯಿತು, ಅಜ್ಜಿ ಚೇತರಿಸಿಕೊಳ್ಳುತ್ತಿದ್ದಾರೆ.

ಆದರೆ ದೊಡ್ಡ ಡಾಕ್ಟರು ಎಲ್ಲರೆದುರು ನರ್ಸಮ್ಮನ ಮೇಲೆ ಹರಿಹಾಯ್ದರು. "ಅಜ್ಜಿ ಏದುಸಿರು ಬಿಡ್ತಿದ್ದದ್ದು ಕಾಣ್ಲಿಲ್ವೇನಮ್ಮಾ?"

"ರಿಪೋರ್ಟ್ ನಾರ್ಮಲ್ ಅಂತಿತ್ತಲ್ಲ ಸಾರ್."

"ಉಸಿರಾಡೋದು ಅಜ್ಜಿನೋ, ರಿಪೋರ್ಟೋ?"

ನಾನು ಅಲ್ಲೇ ಇದ್ದೆ. ತುಟಿ ಬಿಚ್ಚಲಿಲ್ಲ.

ನಾಳೆ ರೌಂಡ್ಸಿನಲ್ಲಿ, ಎಲ್ಲರೆದುರೇ, ಚೀಟಿ ನೋಡದೆ ಸಹಿ ಹಾಕಿದ್ದು ನಾನು ಎಂದು ಹೇಳುತ್ತೇನೆ.