ಬೋರಲು ಮಲಗಿದವನ ಮುಖ

ಇಲೊಯಿಲೊ,
ಆಗಸ್ಟ್ ೧೪, ಗುರುವಾರ

ಪ್ರೀತಿಯ ಅಕ್ಕ, ಮನಾಂಗ್ ಪೆರ್ಲಿತಾ,

ನೀವು ಕೆಲಸಕ್ಕಿರುವ ಮನೆಯ ಒಡತಿ ಕಾಗದ ಒಡೆದು ನೋಡುವುದಿಲ್ಲ ತಾನೆ? ಇರುವುದೊಂದೇ ಫೋನು, ಅದನ್ನೀಗ ಅತ್ತೆಯೇ ಇಟ್ಟುಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನೆರೆಮನೆಯ ಟೆಸ್ಸಿ ಶನಿವಾರ ಹಾಂಗ್‌ಕಾಂಗಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಗಾಳಿಮಳೆಗೆ ವಿಮಾನ ನಿಲ್ಲಿಸಿದರೆ ಏನು ಗತಿಯೋ.

ನಿಮ್ಮ ತಮ್ಮ ಎಲಾದಿಯೊ ನೆರೆನೀರಿನಲ್ಲಿ ಎರಡು ದಿನ ಹಂದಿ ಸಾಗಿಸಿದನಲ್ಲ, ಆಗ ಹತ್ತಿದ ಇಲಿಜ್ವರ ಶ್ವಾಸಕೋಶಕ್ಕೇ ಇಳಿದಿದೆ. ಗಂಟಲಿಗೆ ಕೊಳವೆ ಹಾಕಿದ್ದಾರೆ, ಯಂತ್ರವೇ ಉಸಿರು ಕೊಡುತ್ತಿದೆ. ಬೋರಲು ಮಲಗಿಸಿದರೆ ಬೆನ್ನ ಕಡೆಯ ಶ್ವಾಸಕೋಶ ಬಿಚ್ಚಿಕೊಳ್ಳುತ್ತದಂತೆ, ದಿನಕ್ಕೆ ಹದಿನಾರು ಗಂಟೆ ಹಾಗೇ. ಮಗುಚಲು ಐದು ಜನ ಬೇಕು. ಒಬ್ಬರು ಕೊಳವೆಯನ್ನೇ ಹಿಡಿದಿರುತ್ತಾರೆ. ಸೋಮವಾರ ಜನ ಸಾಲದೆ ಕಾಲು ಹಿಡಿಯಲು ನನ್ನನ್ನೇ ಕರೆದರು. ನರ್ಸ್ ಬೊಯೆಟ್ ಅವನ ಕಿವಿಯಲ್ಲಿ, "ಏನಣ್ಣಾ, ಮನೋಂಗ್, ಹೆಂಡ್ತಿ ಎದುರಿಗೇ ದಿಂಬು ತಬ್ಕೊಂಡ್ರಲ್ಲಾ!" ಎಂದ. ನನಗೆ ನಗು ಬಂತು, ಮನಾಂಗ್. ಪರದೆಯ ಮೇಲಿನ ಆಮ್ಲಜನಕದ ಅಂಕಿ ಎಪ್ಪತ್ತೆಂಟರಿಂದ ತೊಂಬತ್ತೊಂದಕ್ಕೆ ಏರಿತು. ಅತ್ತೆ ಮಾತ್ರ ಗಾಜಿನಾಚೆ ನಿಂತು, "ಒಣಮೀನು ಮಗುಚ್ದಂಗೆ ನನ್ನ ಮಗನ್ನ ಮಗುಚ್ತೀರಲ್ಲೇ!" ಎಂದು ನನ್ನನ್ನೇ ಬೈದರು.

ಮಂಗಳವಾರ ಕೊಳವೆ ಜಾರಿತು. ಬೋರಲು ಮಲಗಿದವರಿಗೆ ಹಾಗಾಗುವುದುಂಟಂತೆ. ಮತ್ತೆ ಹಾಕುವಷ್ಟರಲ್ಲಿ ಅಂಕಿ ನಲವತ್ತಕ್ಕೆ ಇಳಿದಿತ್ತು. ಆಮೇಲೆ ಎಷ್ಟು ಮಗುಚಿದರೂ ಏರಲಿಲ್ಲ. ಮೂತ್ರವೂ ನಿಂತಿದೆ. ನಿನ್ನೆ ಡಾಕ್ಟರಮ್ಮ ನನ್ನೊಬ್ಬಳನ್ನೇ ಕರೆದು, "ಇನ್ನು ಮಗುಚೋದು ಬರೀ ಹಿಂಸೆ ಕಣಮ್ಮ. ನೋಡ್ಬೇಕಾದೋರ್ನ ಕರೆಸ್ಕೊಳ್ಳಿ" ಎಂದರು.

ಸಂಜೆ ಫೋನಿನಲ್ಲಿ ಬನ್ನಿ ಎಂದೆ. ನೀವು, "ಮುಖ ನೋಡಿದ್ನಲ್ಲ, ಚೆನ್ನಾಗೇ ಇದಾನೆ. ಇರೋದೊಂದು ರಜ, ಕ್ರಿಸ್‌ಮಸ್ಸಿಗೆ ಬರ್ತೀನಿ ಬಿಡು" ಎಂದಿರಿ. ಅತ್ತೆ ಪಕ್ಕದಲ್ಲೇ ಇದ್ದರು, ಕ್ರಿಸ್‌ಮಸ್ಸಿಗೆ ಅವನಿರುವುದಿಲ್ಲ ಎಂದು ಹೇಗೆ ಹೇಳಲಿ? ಕಾಗದ ಓದಿದ ಕೂಡಲೇ ಹೊರಡಿ. ಅಷ್ಟರೊಳಗೇ ಮುಗಿದಿದ್ದರೆ, ಮಣ್ಣಿಗಾದರೂ ಬನ್ನಿ.

ನಿಮ್ಮ ತಮ್ಮನ ಹೆಂಡತಿ,
ರೊಸೆಂದಾ

ತಾ.ಕ.: ಕೊಳವೆ ತಾನಾಗಿ ಜಾರಲಿಲ್ಲ. ಮಂಗಳವಾರ ವಿಡಿಯೋದಲ್ಲಿ ನೀವು, "ಬರೀ ಕೂದ್ಲು ಕಾಣ್ತಿದೆ, ಒಂದ್ಸಲ ಮುಖ ತೋರ್ಸೇ" ಎಂದು ಅತ್ತಿರಿ. ಬೊಯೆಟ್ ಆಚೆ ಹೋಗಿದ್ದ. ಕೆನ್ನೆಯಡಿ ಕೈ ಹಾಕಿ ನಾನೇ ಎತ್ತಿ ತಿರುಗಿಸಿದೆ. ಯಂತ್ರ ಕೂಗಿಕೊಂಡಾಗ ಕೈ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನೀವಾದರೂ ಬಂದು ಕೇಳಿ.