ಕಾರಿನಿಂದ ಕಂಡ ಹಕ್ಕಿ

ಹಡಪಸರ, ಗುರುವಾರ

ದೇವಾನಂದ,

ನದಿದಂಡೆಯ ರಸ್ತೆಗಾಗಿ ನೀನು ಬರೆದ ಪಕ್ಷಿ ವರದಿ ಓದಿದೆ. ‘ಐಬಿಸ್ ಮಾತ್ರ ಇವೆ, ವಲಸೆ ಹಕ್ಕಿಗಳಿಲ್ಲ’ ಎಂದಿದ್ದೀಯ. ಆ ಒಂದು ಸಾಲನ್ನು ನಂಬಿ ಸೋಮವಾರ ಅಲ್ಲಿನ ಕೆಸರಿಗೆ ಮಣ್ಣು ತುಂಬುತ್ತಾರೆ.

ದಂಡೆಯ ಶೆಡ್ಡಿನಲ್ಲಿರುವ ಮಾನಮ್ಮ ಹೇಳಿದಳು: “ಅಕ್ಕಾರ, ಕುಡಗೋಲಿನಂಥ ಚುಂಚಿನವು ಈ ವರ್ಷಾನೂ ಬಂದಾವ್ರಿ. ನಿಮ್ಮ ತಮ್ಮಾರು ಕಾರಿನ ಗಾಜು ಸುದ್ದಾ ಇಳಸಲಿಲ್ರಿ.”

ಕೊಕ್ಕು ಬಾಗಿದ ಮಾತ್ರಕ್ಕೆ ಐಬಿಸ್ ಆಗುವುದಿಲ್ಲ. ಇಲ್ಲಿಯ ಐಬಿಸ್ ಕಪ್ಪು, ಇಲ್ಲವೇ ಬಿಳಿ; ಮೈಮೇಲೆ ಗೀರಿಲ್ಲ. ಮಾನಮ್ಮ ಕಂಡದ್ದು ಕರ್ಲ್ಯೂ, ಚಳಿಗಾಲಕ್ಕೆ ಉತ್ತರದಿಂದ ಬರುವ ವಲಸೆ ಹಕ್ಕಿ. ಮೈತುಂಬ ಕಂದು ಗೀರುಗಳು, ತಲೆಯ ಮೂರು ಪಟ್ಟು ಉದ್ದದ ಕೊಕ್ಕು. ಹಾರಿದರೆ ಬೆನ್ನ ಕೆಳಗೆ ಬಿಳುಪು ಕಾಣುತ್ತದೆ. ಇಷ್ಟನ್ನು ಮಾನಮ್ಮ ಬಟ್ಟೆ ಒಗೆಯುತ್ತಲೇ ನೋಡಿದ್ದಾಳೆ.

“ನಮ್ಮಕ್ಕ ಕವನ ಓದಾಕಿ, ಕಾಗಿ ಕಂಡ್ರೂ ಹಂಸ ಅಂತಾಳ” ಎಂದು ಎಂಜಿನಿಯರುಗಳ ಮುಂದೆ ನಕ್ಕೆಯಂತೆ. ಇರಲಿ. ಭಾನುವಾರ ಬೆಳಿಗ್ಗೆ ಏಳಕ್ಕೆ ದಂಡೆಗೆ ಬಾ. ಕಾರನ್ನು ಸೇತುವೆಯ ಮೇಲೇ ಬಿಡು. ಹಳೆಯ ಚಪ್ಪಲಿ ಹಾಕಿಕೋ. ದೀಪಾವಳಿಗೆ ಒಯ್ದ ನನ್ನ ದುರ್ಬೀನು ತಾ. ಇನ್ನೂ ಚೀಲದಿಂದ ತೆಗೆದಿರಲಿಕ್ಕಿಲ್ಲ.

ಹಕ್ಕಿಯನ್ನು ನೋಡಿ ಅಲ್ಲೇ ವರದಿ ತಿದ್ದು. ಇಲ್ಲದಿದ್ದರೆ ಸೋಮವಾರ ಕಚೇರಿ ತೆರೆಯುತ್ತಲೇ ನನ್ನ ಆಕ್ಷೇಪಣೆ ಕೊಡುತ್ತೇನೆ. ವರದಿ ಬರೆದವನು ನನ್ನ ತಮ್ಮ ಎಂದು ಅದರ ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ನಿನ್ನ ಅಕ್ಕ,
ಮಾಯಾ