ಬಿಸಿಲಿನ ಲೆಕ್ಕಕ್ಕೆ ಬಿದ್ದ ನೀರು

11–3–74, ಬೆಳಿಗ್ಗೆ

ಮತ್ತೆ ಅದೇ ಕನಸು. ಹಿಂದಿನ ಕೋಣೆಯ ಗೋಡೆ ನೆನೆದ ರೊಟ್ಟಿಯ ಹಾಗೆ ಕುಸಿದು ಇನ್ನೂ ಹುಟ್ಟದ ಮೊಮ್ಮಗುವಿನ ಮೇಲೆ ಕೂತಿತ್ತು. ಎದ್ದು ಹೋಗಿ ಮುಟ್ಟಿ ನೋಡಿದೆ. ಒದ್ದೆ. ನಿನ್ನೆಗಿಂತ ಮೇಲಕ್ಕೆ ಹತ್ತಿದೆ... ಹತ್ತಿದ್ದೋ, ನನಗೆ ಅನ್ನಿಸಿದ್ದೋ.

ಯುಗಾದಿ ಕಳೆದರೆ ಮಗಳು ಜಗದಾಂಬಾ ಹೆರಿಗೆಗೆ ಬರುತ್ತಾಳೆ. ಬಾಣಂತಿಯನ್ನು ಮಲಗಿಸಲು ಇರುವುದು ಅದೊಂದೇ ಕೋಣೆ. ಇವರಿಗೆ ಹೇಳಿದರೆ ಸುಣ್ಣ ಹೊಡೆಸೋಣ ಎಂದು ಬಿನ್ನಿಪೇಟೆಯ ಮಿಲ್ಲಿಗೆ ಪಾಳಿಗೆ ಹೊರಟರು. ಹಿತ್ತಲಾಚೆ ಕಾಲೋನಿಯ ತೆರೆದ ಟ್ಯಾಂಕು. ಸುಣ್ಣಕ್ಕೆ ನೀರು ಹೆದರುತ್ತದೆಯೇ? ಟ್ಯಾಂಕು ಸೋರುತ್ತಿದೆ ಎಂದು ನಾನೇ ಕಾಲೋನಿಯ ಸೊಸೈಟಿಗೆ ಅರ್ಜಿ ಕೊಟ್ಟು ಬಂದೆ.

14–3–74

ಸೊಸೈಟಿಯ ಓವರ್‌ಸಿಯರ್ ಮುನಿರಾಜು ಬಂದಿದ್ದರು. ನಿಮ್ಮ ಬಚ್ಚಲಿನ ನೀರೇ ಇರಬೇಕು ಎಂಬುದು ಮೊದಲ ಮಾತು. ಬಚ್ಚಲು ಇರುವುದು ಮುಂದಿನ ಮೂಲೆಯಲ್ಲಿ — ತೋರಿಸಿದೆ. ಹಾಗಾದರೆ ಅಳೆದೇ ಬಿಡೋಣ ಎಂದರು. ನಾಳೆ ಬೆಳಿಗ್ಗೆಯಿಂದ ನಾಡಿದ್ದು ಬೆಳಿಗ್ಗೆವರೆಗೆ ವಾಲ್ವ್ ಬಂದ್. ಟ್ಯಾಂಕಿನ ಪಕ್ಕ ಒಂದು ಅಗಲ ಬೋಗುಣಿಯಲ್ಲಿ ನೀರು ಇಡುತ್ತಾರೆ. ಅದರಲ್ಲಿ ಇಳಿದದ್ದು ಬಿಸಿಲಿಗೆ ಆರಿದ್ದು. ಟ್ಯಾಂಕು ಅದಕ್ಕಿಂತ ಹೆಚ್ಚು ಇಳಿದರೆ ಆ ಹೆಚ್ಚಿನದೆಲ್ಲ ಸೋರಿಕೆ. ಇಷ್ಟು ನನಗೂ ತಿಳಿಯಿತು.

ಬೀದಿಗೆಲ್ಲ ನೀರಿಲ್ಲ, ಅದೂ ನನ್ನಿಂದ. ಹಂಡೆ, ಕೊಡ, ಪಾಯಸದ ಪಾತ್ರೆ — ಎಲ್ಲ ತುಂಬಿಟ್ಟೆ.

15–3–74, ಮಧ್ಯಾಹ್ನ

ಎದುರು ಮನೆ ಗಿರಿಜಾದೇವಿ ಬಾಗಿಲಲ್ಲೇ ನಿಂತರು. “ಏನ್ ಕಮಲಾಕ್ಷಮ್ಮೋರೇ, ನಿಮ್ ಗೋಡೆ ಒಣಗ್ಲಿ ಅಂತ ನಮ್ ಗಂಟ್ಲು ಒಣಗಿಸ್ತಿದೀರಲ್ಲ.” ಎರಡು ಕೊಡ ನೀರು ಕೊಟ್ಟು ಕಳಿಸಿದೆ. ಕೊಡ ಇನ್ನೂ ವಾಪಸ್ಸು ಬಂದಿಲ್ಲ. ನೀರು ಹೋಗಲಿ, ಕೊಡ?

16–3–74

ಸೋರಿಕೆಯೇ ಇಲ್ಲವಂತೆ. ಟ್ಯಾಂಕು ಒಂದೂವರೆ ಬೆರಳು ಇಳಿದಿದೆ, ಬೋಗುಣಿಯೂ ಒಂದೂವರೆ ಬೆರಳು. ಮುನಿರಾಜು ನನ್ನ ಕಣ್ಣೆದುರಿಗೇ ಅಳತೆಕಡ್ಡಿ ಹಿಡಿದರು. “ಎಲ್ಲಾ ಬಿಸ್ಲೇ ಕುಡ್ದಿರೋದು ಕಣಮ್ಮ. ಇನ್ಮೇಲೆ ಸೂರ್ಯನ ಮೇಲೆ ಅರ್ಜಿ ಕೊಡಿ.”

ಬಿಸಿಲು ಕುಡಿದ ನೀರು ನಮ್ಮ ಗೋಡೆಯೊಳಗೆ ಹೇಗೆ ಬಂತು? ಕೇಳುವುದರೊಳಗೆ ಸೈಕಲ್ ಹತ್ತಿ ಹೋದರು.

20–3–74

ಒಲೆ ಮುಂದೆ ಕೂತಾಗ ಹೊಳೆಯಿತು. ಅತ್ತೆಗೆ ಲಿಂಗಪೂಜೆಯ ಅಗ್ಗವಣಿ, ಲಿಂಗಕ್ಕೆ ಎರೆಯುವ ನೀರು, ಅವತ್ತು ಹಿಡಿದದ್ದೇ ಆಗಬೇಕು. ಹಿಂದಿನ ದಿನದ್ದು ಮುಟ್ಟುವುದಿಲ್ಲ. ಪೂಜೆಯಾಗದೆ ಬಾಯಿಗೆ ಹನಿಯೂ ಹಾಕುವುದಿಲ್ಲ. ನಲ್ಲಿ ಬಂದ್ ಆದ ದಿನ ಏನು ಮಾಡಿದರು? ಕೇಳಿದೆ.

“ಹಿತ್ಲಾಚೆ ಬೋಗುಣೀಲಿ ಆಗ್ತಾನೆ ತುಂಬಿಟ್ಟಿದ್ರಲ್ಲೇ. ಒಂದ್ ತಂಬಿಗೆ ತಗೊಂಡೆ.”

“ಒಂದೇನಾ ಅತ್ತೆ?”

“ಸಂಜೆ ಪೂಜೆಗೆ ಇನ್ನೊಂದು. ಶಿವನಿಗೆ ಕೊಟ್ಟಿದ್ದಕ್ಕೂ ಲೆಕ್ಕ ಕೇಳ್ತೀಯಲ್ಲ ಕಮಲಾ.”

ನಗಬೇಕೋ, ಹಣೆ ಚಚ್ಚಿಕೊಳ್ಳಬೇಕೋ. ಆ ಎರಡು ತಂಬಿಗೆಯೂ ಬಿಸಿಲಿನ ಲೆಕ್ಕಕ್ಕೆ ಬಿತ್ತು, ಟ್ಯಾಂಕಿನ ಸೋರಿಕೆ ಅದರಲ್ಲಿ ಮುಚ್ಚಿಹೋಯಿತು. ಇವರು ಸುಮ್ಮನಿರು ಎಂದರು. ಹೇಳಿದರೆ ಬೀದಿಯಲ್ಲಿ ಅತ್ತೆಯ ಹೆಸರು ಕೆಡುತ್ತದೆ. ಹೇಳದಿದ್ದರೆ ಹಸುಗೂಸು ಆ ಒದ್ದೆ ಕೋಣೆಯಲ್ಲಿ.

21–3–74, ಬೆಳಿಗ್ಗೆ 9

ಸೊಸೈಟಿ ಆಫೀಸಿಗೆ ಹೊರಟಿದ್ದೇನೆ. ಅಲ್ಲಿ ಮಾತು ತಡವರಿಸದಿರಲಿ ಎಂದು ಇಲ್ಲಿ ಒಮ್ಮೆ ಬರೆದುಕೊಳ್ಳುತ್ತೇನೆ —

ಸ್ವಾಮಿ ಮುನಿರಾಜು ಅವರೇ, ಬಿಸಿಲು ಅಷ್ಟು ಕುಡಿದಿಲ್ಲ. ಬೋಗುಣಿಯಿಂದ ಎರಡು ತಂಬಿಗೆ ನೀರು ನಾನೇ ತೆಗೆದೆ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ವಾಲ್ವ್ ಮತ್ತೆ ಮುಚ್ಚುವುದು ಬೇಡ, ಬೀದಿಯವರು ನನ್ನನ್ನು ಬಿಡುವುದಿಲ್ಲ. ಟ್ಯಾಂಕಿನ ಅಳತೆ ಹಾಗೇ ಇರಲಿ. ಬೋಗುಣಿ ಒಂದನ್ನು ಮಾತ್ರ ಒಂದು ದಿನ ಬಿಸಿಲಿಗಿಟ್ಟು, ಎಷ್ಟು ಇಳಿಯುತ್ತದೆ ಎಂದು ಇನ್ನೊಂದು ಸಲ ಅಳೆಯಿರಿ. ಒಂದೂವರೆ ಬೆರಳಿಗೆ ಎಷ್ಟು ಕಡಿಮೆ ಬರುತ್ತದೋ ಅಷ್ಟೂ ನಮ್ಮ ಗೋಡೆಯೊಳಗಿದೆ.